ಬಿಳುಪಿನ ಲೆಕ್ಕ

(ಬಾನುಲಿ ಭಾಷಣ)



ನನ್ನ ತಂಗಿ ಗಣಿತದ ಅಧ್ಯಾಪಿಕೆ. ಉತ್ತರವೆಲ್ಲ ಸರಿಯಾಗಿದ್ದು ಕೊನೆಯಲ್ಲಿ ಏಕಮಾನ ಬರೆಯದೆ ಬಿಟ್ಟ ಹುಡುಗನಿಗೆ ಅರ್ಧ ಅಂಕ ಕಳೆಯುವ ಜಾತಿಯವಳು. ಐದು ಎಂದರೆ ಐದು ಏನು, ಮೀಟರೋ, ಲೀಟರೋ, ಮಾವಿನ ಹಣ್ಣೋ ಎಂದು ಕೇಳುವವಳು. ಹನ್ನೊಂದು ವರ್ಷಗಳಿಂದ ಅವಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಸಂಬಂಧದ ಕಾಯಿಲೆಯಿದೆ. ವರ್ಷಕ್ಕೊಮ್ಮೆ ಅವಳ ಮಿದುಳಿನ ಎಂ.ಆರ್.ಐ. ಚಿತ್ರ ತೆಗೆಸುತ್ತೇವೆ. ಕಳೆದ ಸಲ ವೈದ್ಯರು ಎರಡು ವರ್ಷದ ಚಿತ್ರಗಳನ್ನು ಅಕ್ಕಪಕ್ಕದಲ್ಲಿರಿಸಿ, ಬಹಳ ಹೊತ್ತು ನೋಡಿ, "ಹೆಚ್ಚೇನೂ ಬದಲಾವಣೆ ಇಲ್ಲಮ್ಮ" ಎಂದರು.

"ಹೆಚ್ಚೇನೂ ಅಂದರೆ ಎಷ್ಟು, ಡಾಕ್ಟರೇ?" ಎಂದು ಕೇಳಿದಳು ತಂಗಿ.

ವೈದ್ಯರು ಸಜ್ಜನರು. ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ, "ಎಷ್ಟು ಎಂಬುದಕ್ಕೆ ಈ ಚಿತ್ರದಲ್ಲಿ ಉತ್ತರವಿಲ್ಲ" ಎಂದರು.

ಮನೆಗೆ ಬಂದ ಮೇಲೆ ಅಮ್ಮನಿಗೆ ಆ ವರದಿಯನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. "ಗಣನೀಯವಾದ ಬದಲಾವಣೆ ಏನೂ ಇಲ್ಲವಂತೆ" ಎಂದೆ. ಒಳಗಿನಿಂದ ತಂಗಿಯ ಧ್ವನಿ ಬಂತು: "ಗಣನೀಯ ಎಂದರೆ ಗಣಿಸಬಹುದಾದದ್ದು. ಗಣಿಸಿದವರು ಯಾರು, ಅಣ್ಣ?"

ಕಾಲೇಜಿನಲ್ಲಿ ಮೂವತ್ತು ವರ್ಷ ಭೌತವಿಜ್ಞಾನ ಬೋಧಿಸಿದವನು ನಾನು. ಅಯಸ್ಕಾಂತದ ಪಾಠ ಬಾಯಿಪಾಠವಾಗಿದೆ. ಆದರೂ ಅಷ್ಟು ದೊಡ್ಡ ಅಯಸ್ಕಾಂತದೊಳಗೆ ನನ್ನ ತಂಗಿಯನ್ನು ಮಲಗಿಸಿದ ಮೇಲೆ ಹೊರಬಂದದ್ದು ಸಂಖ್ಯೆಯಲ್ಲ, ಒಂದು ವಿಶೇಷಣ ಮಾತ್ರ ಎಂಬುದು ನನಗೆ ಅದುವರೆಗೆ ಹೊಳೆದಿರಲಿಲ್ಲ. ಅಂದಿನಿಂದ ಈ ವಿಷಯವನ್ನು ಹುಡುಕಿ ಓದಿದೆ. ಓದಿದ್ದರಲ್ಲಿ ಅರ್ಥವಾದಷ್ಟನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಕಾಯಿಲೆ ಹೇಗೆ ಕಾಣಿಸಿಕೊಂಡಿತೆಂಬುದನ್ನು ಮೊದಲು ಹೇಳಬೇಕು. ಒಂದು ಬೆಳಿಗ್ಗೆ ಅವಳ ಬಲಗಣ್ಣು ಮಂಜಾಯಿತು. ಕಣ್ಣು ಹೊರಳಿಸಿದರೆ ನೋವು. ಉಟ್ಟಿದ್ದ ಕೆಂಪು ಸೀರೆ ಎಡಗಣ್ಣಿಗೆ ಕೆಂಪಾಗಿಯೇ ಕಂಡರೆ, ಬಲಗಣ್ಣಿಗೆ ಹತ್ತು ವರ್ಷ ಒಗೆದು ಬಣ್ಣ ಬಿಟ್ಟಂತೆ ಕಾಣುತ್ತಿತ್ತು. ಕೆಲವು ವಾರಗಳಲ್ಲಿ ದೃಷ್ಟಿ ಮರಳಿತು, ನಾವೂ ಮರೆತೆವು. ಆ ವರ್ಷದ ದೀಪಾವಳಿಯಲ್ಲಿ ಎಣ್ಣೆ ಹಚ್ಚಿಕೊಂಡು, ಹಂಡೆಯ ಬಿಸಿನೀರಿನಲ್ಲಿ ಮಿಂದು, ಬಚ್ಚಲಿನಿಂದ ಹೊರಬಂದವಳು "ಅಣ್ಣಾ, ಮತ್ತೆ ಮಂಜು" ಎಂದು ಗೋಡೆ ಹಿಡಿದುಕೊಂಡಳು. ಮೈ ಆರಿದ ಅರ್ಧ ಗಂಟೆಯಲ್ಲಿ ಮಂಜು ತಾನಾಗಿಯೇ ಹರಿಯಿತು. ಹಬ್ಬದ ದಿನ ದೃಷ್ಟಿಯಾಯಿತೆಂದು ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿದರು.

ದೇಹ ದಣಿದಾಗ ಕಣ್ಣು ಹೀಗೆ ಮಂಜಾಗಿ ಮತ್ತೆ ತಿಳಿಯಾಗುವುದನ್ನು ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಊಟ್‌ಹೋಫ್ 1890ರಲ್ಲಿಯೇ ಬರೆದಿಟ್ಟಿದ್ದ. ದಣಿವಿಗಿಂತ ಮೈಯ ಕಾವೇ ಅದಕ್ಕೆ ಕಾರಣವೆಂಬುದು ಅನಂತರ ತಿಳಿಯಿತು. ನರಗಳ ಮೇಲಿನ ಹೊದಿಕೆ ಹರಿದಿದ್ದರೆ ಸಂದೇಶ ಹೇಗೋ ತೆವಳಿಕೊಂಡು ದಾಟುತ್ತಿರುತ್ತದೆ. ಕಾವು ಸ್ವಲ್ಪ ಏರಿದರೆ ಅದೂ ನಿಂತುಹೋಗುತ್ತದೆ. ಹರಿಯುವ ಆ ಹೊದಿಕೆಯ ಹೆಸರು ಮಯಲಿನ್. 1854ರಲ್ಲಿ ರುಡಾಲ್ಫ್ ವಿರ್ಕೋ ಎಂಬ ಜರ್ಮನ್ ವೈದ್ಯ ಇಟ್ಟ ಹೆಸರು ಅದು. ಗ್ರೀಕ್ ಭಾಷೆಯಲ್ಲಿ ಮಜ್ಜೆ ಎಂಬ ಅರ್ಥದ ಪದದಿಂದ ಬಂದದ್ದು. ಮಜ್ಜೆ ಒಳಗಿರುವುದು, ಮಯಲಿನ್ ಹೊರಗಿನ ಹೊದಿಕೆ; ಆದರೂ ಹೆಸರು ನಿಂತಿತು.

ನರಕೋಶದಿಂದ ಹೊರಡುವ ನೂಲಿನಂಥ ಎಳೆಗೆ ನರತಂತು ಎನ್ನುತ್ತೇವೆ. ಮಿದುಳಿನಲ್ಲಿ ಅದರ ಪಕ್ಕದಲ್ಲಿ ಬೇರೊಂದು ಬಗೆಯ ಕೋಶವಿದ್ದು, ತನ್ನ ಪೊರೆಯನ್ನೇ ಚಾಚಿ ಎಳೆಯ ಸುತ್ತ ಸುರುಳಿಸುರುಳಿಯಾಗಿ ಸುತ್ತುತ್ತದೆ, ಗಾಯದ ಬೆರಳಿಗೆ ಬಟ್ಟೆ ಸುತ್ತಿದ ಹಾಗೆ. ಒಂದೊಂದು ಕೋಶ ಹತ್ತಾರು ಎಳೆಗಳಿಗೆ ಹೀಗೆ ಹೊದಿಸಬಲ್ಲದು. ಈ ಸುರುಳಿಯನ್ನು ಒಣಗಿಸಿ ತೂಗಿದರೆ ನೂರರಲ್ಲಿ 70ಕ್ಕೂ ಮಿಕ್ಕ ಪಾಲು ಕೊಬ್ಬು, ಉಳಿದದ್ದು ಪ್ರೋಟೀನು. ಮಿದುಳನ್ನು ಸೀಳಿದಾಗ ಹೊರ ಅಂಚು ಬೂದುಬಣ್ಣವಾಗಿಯೂ ಒಳಭಾಗ ಬೆಳ್ಳಗೂ ಕಾಣುತ್ತದೆಯಲ್ಲ, ಆ ಬಿಳುಪು ಈ ಕೊಬ್ಬಿನದು.

ಹೊದಿಕೆ ಎಳೆಯ ಉದ್ದಕ್ಕೂ ಒಂದೇ ಸಮನೆ ಇರುವುದಿಲ್ಲ. ಕಬ್ಬಿನ ಜಲ್ಲೆಯಂತೆ ನಡುನಡುವೆ ಗಿಣ್ಣುಗಳಿವೆ. ಅಲ್ಲಿ ಎಳೆ ಬರಿಮೈಯಲ್ಲಿರುತ್ತದೆ. ಫ್ರಾನ್ಸಿನ ಲೂಯಿ ರಾನ್ವಿಯೇ 1870ರ ದಶಕದಲ್ಲಿ ಇವನ್ನು ವರ್ಣಿಸಿದ. ಸಂದೇಶ ಗಿಣ್ಣಿನಿಂದ ಗಿಣ್ಣಿಗೆ ನೆಗೆಯುತ್ತ ಹೋಗುತ್ತದೆ. ಕೈ ಮಾಡಿದಲ್ಲೆಲ್ಲ ನಿಲ್ಲುವ ಬಸ್ಸಿಗೂ ವೇಗದೂತಕ್ಕೂ ಇರುವ ವ್ಯತ್ಯಾಸವೇ ಬರಿಯ ಎಳೆಗೂ ಹೊದಿಕೆಯ ಎಳೆಗೂ ಇದೆ. ಹೊದಿಕೆಯಿಲ್ಲದ ನಮ್ಮ ತೆಳು ನರಗಳಲ್ಲಿ ಸಂದೇಶ ಸೆಕೆಂಡಿಗೆ ಒಂದೆರಡು ಮೀಟರ್ ನಡೆದರೆ, ದಪ್ಪ ಹೊದಿಕೆಯವುಗಳಲ್ಲಿ 120 ಮೀಟರ್‌ವರೆಗೆ ಓಡುತ್ತದೆ.

ವೇಗಕ್ಕೆ ಇನ್ನೊಂದು ದಾರಿಯೂ ಇದೆ: ಎಳೆಯನ್ನೇ ದಪ್ಪ ಮಾಡುವುದು. ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಕಡಲಜೀವಿಯ ದೈತ್ಯ ನರತಂತು ಅಂಥದು. ಅದಕ್ಕೆ ಮಯಲಿನ್ ಇಲ್ಲ. ಸೆಕೆಂಡಿಗೆ 25 ಮೀಟರ್ ವೇಗ ಪಡೆಯಲು ಅದು ಅರ್ಧ ಮಿಲಿಮೀಟರ್ ದಪ್ಪವಾಗಬೇಕಾಯಿತು. ಅದೇ ವೇಗವನ್ನು ಕಪ್ಪೆಯ ನರತಂತು ಮಯಲಿನ್ನಿನ ಬಲದಿಂದ ಅದರ ನಲವತ್ತನೆಯ ಒಂದು ಪಾಲು ದಪ್ಪದಲ್ಲಿಯೇ ಸಾಧಿಸಿದೆ. ಇದನ್ನು ತಂಗಿಗೆ ಹೇಳಿದಾಗ ಅವಳು ಕೂಡಲೇ ಲೆಕ್ಕ ಹಾಕಿದಳು. ಮನುಷ್ಯನ ಒಂದು ಕಣ್ಣಿನಿಂದ ಮಿದುಳಿಗೆ ಹೋಗುವ ನರದಲ್ಲಿ ಸುಮಾರು ಹತ್ತು ಲಕ್ಷ ಎಳೆಗಳು. ಪ್ರತಿಯೊಂದೂ ಅರ್ಧ ಮಿಲಿಮೀಟರ್ ದಪ್ಪವಿದ್ದು ಒತ್ತಾಗಿ ಜೋಡಿಸಿದರೆ ಆ ನರ ಅರ್ಧ ಮೀಟರ್ ಅಗಲದ ದಿಮ್ಮಿಯಾಗುತ್ತದೆ! "ಹಾಗಾದರೆ ನನ್ನ ತಲೆ ಭುಜದ ಮೇಲೆ ನಿಂತಿರುವುದೇ ಇದರ ದಯೆಯಿಂದ" ಎಂದಳು. ತನ್ನನ್ನು ಕಾಡುತ್ತಿರುವ ಕೊರತೆಯ ಬಗ್ಗೆ ಅವಳು ಗೌರವದಿಂದ ಆಡಿದ ಮೊದಲ ಮಾತು ಅದು.

ಈ ಹೊದಿಕೆಯನ್ನು ದೇಹದ ರಕ್ಷಣಾವ್ಯವಸ್ಥೆಯೇ ಶತ್ರುವೆಂದು ಭ್ರಮಿಸಿ ಹರಿಯುವುದು ಅವಳ ಕಾಯಿಲೆಯ ಸ್ವರೂಪ. 1868ರಲ್ಲಿ ಪ್ಯಾರಿಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೋ ಎಂಬ ವೈದ್ಯ ಈ ಕಾಯಿಲೆಯನ್ನು ಬಿಡಿಸಿ ವರ್ಣಿಸಿದ. ಸತ್ತ ರೋಗಿಗಳ ಮಿದುಳಿನಲ್ಲಿ ಅಲ್ಲಲ್ಲಿ ಗಡುಸಾದ ಕಲೆಗಳು. ಆ ಕಲೆಗಳಲ್ಲಿ ಹೊದಿಕೆ ಹೋಗಿದ್ದರೂ ಎಳೆಗಳು ಬಹುಮಟ್ಟಿಗೆ ಉಳಿದಿದ್ದವು. ಇತ್ತ ಲೈಪ್‌ಜಿಗ್ ನಗರದಲ್ಲಿ ಪೌಲ್ ಫ್ಲೆಕ್ಸಿಗ್ ತೀರಿಹೋದ ಶಿಶುಗಳ ಮಿದುಳುಗಳನ್ನು ಪರೀಕ್ಷಿಸಿ, ಅದರ ಭಾಗಗಳು ಯಾವ ಸರದಿಯಲ್ಲಿ ಬಿಳುಪಾಗುತ್ತವೆ ಎಂಬುದನ್ನು ಗುರುತಿಸಿದ. ಮಯಲಿನ್ನಿಗೆ ಮಾತ್ರ ಹಿಡಿಯುವ ಬಣ್ಣಗಳೂ ಬಂದವು. 1953ರಲ್ಲಿ ಬಳಕೆಗೆ ಬಂದ ಲಕ್ಸಾಲ್ ಎಂಬ ನೀಲಿ ಇಂದಿಗೂ ಪ್ರಯೋಗಾಲಯಗಳಲ್ಲಿದೆ. ಆದರೆ ಈ ಎಲ್ಲ ಜ್ಞಾನಕ್ಕೂ ಒಂದು ಷರತ್ತು ಇತ್ತು: ಮನುಷ್ಯ ಸತ್ತಿರಬೇಕು. ಬದುಕಿರುವವರ ಮಯಲಿನ್ನಿನ ಲೆಕ್ಕವನ್ನು ಹೇಳುವ ವಿದ್ಯೆ ಯಾರಲ್ಲಿಯೂ ಇರಲಿಲ್ಲ.

ಆ ವಿದ್ಯೆಯ ಬಾಗಿಲು ತೆರೆದದ್ದು ಬಾನುಲಿಯಿಂದ ಎಂದರೆ ನಿಮಗೆ ಆಶ್ಚರ್ಯವಾದೀತು. ನಮ್ಮ ದೇಹದಲ್ಲಿ ಹೆಚ್ಚಿನ ಪಾಲು ನೀರು. ನೀರಿನ ಪ್ರತಿ ಅಣುವಿನಲ್ಲಿ ಎರಡು ಜಲಜನಕ ಪರಮಾಣು. ಒಂದೊಂದರ ಬೀಜವೂ ಒಂದೊಂದು ಪ್ರೋಟಾನು. ಬಲವಾದ ಕಾಂತಕ್ಷೇತ್ರದಲ್ಲಿ ಅದು ಬುಗುರಿಯಂತೆ ತೊನೆಯುತ್ತ ತಿರುಗುತ್ತದೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದ ಕಾಂತಬಲ ಭೂಮಿಯ ಕಾಂತಬಲಕ್ಕಿಂತ ಸುಮಾರು 30,000 ಪಟ್ಟು ಹೆಚ್ಚು. ಅದರೊಳಗೆ ಈ ತೊನೆತದ ವೇಗ ಸೆಕೆಂಡಿಗೆ ಸುಮಾರು 6.4 ಕೋಟಿ ಸಲ, ಅಂದರೆ 64 ಮೆಗಾಹರ್ಟ್ಸ್. ನಿಮ್ಮ ಎಫ್.ಎಂ. ರೇಡಿಯೋದ ಪಟ್ಟಿ 88ರಿಂದ 108 ಮೆಗಾಹರ್ಟ್ಸ್‌ವರೆಗಿದೆ. 3 ಟೆಸ್ಲಾ ಯಂತ್ರದಲ್ಲಾದರೆ 128. ಒಂದು ಯಂತ್ರ ಎಫ್.ಎಂ. ಪಟ್ಟಿಗಿಂತ ತುಸು ಕೆಳಗೆ, ಇನ್ನೊಂದು ತುಸು ಮೇಲೆ. ಆ ಕಂಪನಕ್ಕೆ ಸರಿಹೊಂದುವ ರೇಡಿಯೋ ಅಲೆಯನ್ನು ಕ್ಷಣಕಾಲ ಕಳಿಸಿ ನಿಲ್ಲಿಸಿದರೆ, ಪ್ರೋಟಾನುಗಳು ಅದೇ ಕಂಪನದಲ್ಲಿ ಮರುನುಡಿಯುತ್ತವೆ. ಅಲ್ಲಿ ಮಾತಾಡುವುದು ನೀರು, ಕೇಳುವುದು ಯಂತ್ರ.

ಪದಾರ್ಥಗಳ ಈ ಮರುನುಡಿಯನ್ನು ಬ್ಲಾಕ್ ಮತ್ತು ಪರ್ಸೆಲ್ ಎಂಬ ಇಬ್ಬರು ಅಮೆರಿಕದಲ್ಲಿ 1946ರಲ್ಲಿ ಬೇರೆಬೇರೆಯಾಗಿ ಕೇಳಿಸಿಕೊಂಡರು. ಆ ಧ್ವನಿ ಯಾವ ಜಾಗದಿಂದ ಬಂತೆಂದು ಗುರುತಿಸಿ ಚಿತ್ರ ಬಿಡಿಸಬಹುದೆಂಬುದನ್ನು 1973ರಲ್ಲಿ ಪಾಲ್ ಲಾಟರ್‌ಬರ್ ತೋರಿಸಿದ. ಅದಕ್ಕಾಗಿ ಅವನಿಗೂ ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡನಿಗೂ 2003ರಲ್ಲಿ ನೊಬೆಲ್ ಪಾರಿತೋಷಕ ಬಂತು. ನನ್ನ ತಂಗಿಯ ಕಾಯಿಲೆಯ ಕಲೆಗಳನ್ನು ಬದುಕಿರುವವರ ತಲೆಯೊಳಗೆ ಈ ವಿಧಾನದಿಂದ ತೋರಿಸಿದ ವರದಿ 1981ರಲ್ಲಿ ಲಂಡನ್ನಿನಿಂದ ಹೊರಬಂತು.

ಹಾಗಾದರೆ ಇನ್ನೇನು ಉಳಿಯಿತು? ಉಳಿದದ್ದು ತಂಗಿಯ ಪ್ರಶ್ನೆ: ಎಷ್ಟು?

ದೇವಸ್ಥಾನದ ಮಂಗಳಾರತಿಯನ್ನು ನೆನೆಯಿರಿ. ದೊಡ್ಡ ಗಂಟೆ, ಕೈಗಂಟೆ, ಗೆಜ್ಜೆ ಎಲ್ಲವೂ ಒಟ್ಟಿಗೆ ಮೊಳಗಿ ಒಟ್ಟಿಗೆ ನಿಂತವೆನ್ನಿ. ಗೆಜ್ಜೆಯ ಸದ್ದು ಆ ಕ್ಷಣವೇ ಅಡಗುತ್ತದೆ; ಕೈಗಂಟೆಯದು ಸ್ವಲ್ಪ ಹೊತ್ತು; ದೊಡ್ಡ ಗಂಟೆಯ ನಾದ ನಾವು ಪ್ರಾಕಾರ ದಾಟುವವರೆಗೂ ಉಳಿಯುತ್ತದೆ. ನೀರಿನ ಮರುನುಡಿಯೂ ಹೀಗೆಯೇ. ಮಿದುಳಿನ ಸುತ್ತಲೂ ಕುಳಿಗಳಲ್ಲೂ ಸ್ವೇಚ್ಛೆಯಾಗಿ ಹರಿಯುವ ದ್ರವದ ಧ್ವನಿ ಸೆಕೆಂಡಿಗೂ ಮೀರಿ ಉಳಿಯುತ್ತದೆ. ಕೋಶಗಳ ಒಳಹೊರಗಿನ ನೀರಿನದು ಸುಮಾರು 80 ಮಿಲಿಸೆಕೆಂಡಿನಲ್ಲಿ ಬಹುಪಾಲು ಅಡಗುತ್ತದೆ.

ಆಸ್ಪತ್ರೆಯ ಸಾಮಾನ್ಯ ಚಿತ್ರ ಮಾಡುವುದಿಷ್ಟೆ: ಒಂದು ಗೊತ್ತಾದ ಕ್ಷಣದಲ್ಲಿ ಎಲ್ಲಿ ಎಷ್ಟು ಸದ್ದು ಉಳಿದಿದೆ ಎಂಬುದನ್ನು ಬಿಳುಪು ಕಪ್ಪುಗಳಾಗಿ ತೋರಿಸುವುದು. ಆ ಬಿಳುಪು ಯಂತ್ರಕ್ಕೆ ತಕ್ಕಂತೆ, ತಂತ್ರಜ್ಞರು ತಿರುಗಿಸಿದ ಗುಂಡಿಗೆ ತಕ್ಕಂತೆ, ತಲೆ ಕೇಳುಸುರುಳಿಗೆ ಎಷ್ಟು ಹತ್ತಿರವಿತ್ತು ಎಂಬುದಕ್ಕೆ ತಕ್ಕಂತೆ ಬದಲಾಗುತ್ತದೆ. ಹೋದ ವರ್ಷದ ಬಿಳುಪನ್ನು ಈ ವರ್ಷದ ಬಿಳುಪಿನಿಂದ ಕಳೆಯಲಾಗದು. ಬಿಳುಪಿಗೆ ಏಕಮಾನವಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಕಲೆಗಳನ್ನು ಎತ್ತಿ ತೋರಿಸುವ ಚಿತ್ರದಲ್ಲಿ ಮಯಲಿನ್ ತುಂಬಿದ ಆರೋಗ್ಯವಂತ ಬಿಳಿದ್ರವ್ಯ ಕಪ್ಪಗೂ ಕೆಟ್ಟ ಜಾಗ ಬೆಳ್ಳಗೂ ಕಾಣುತ್ತವೆ. ಆ ಬಿಳುಪಾದರೂ ಒಂದೇ ಅರ್ಥದ್ದಲ್ಲ. ಉರಿಯೂತದಿಂದ ನೀರು ತುಂಬಿದ್ದರೂ ಬಿಳಿ. ಹೊದಿಕೆ ಹರಿದಿದ್ದರೂ ಬಿಳಿ. ಎಳೆಯೇ ಸತ್ತು ಕಲೆಗಟ್ಟಿದ್ದರೂ ಬಿಳಿ. ಹರಿದ ಹೊದಿಕೆ ಅರ್ಧಕ್ಕರ್ಧ ಮರಳಿ ಬೆಳೆದಿದ್ದರೂ ಬಿಳಿಯೇ. ಹೌದು, ಅದು ಮರಳಿ ಬೆಳೆಯುವುದುಂಟು. ಮೊದಲಿಗಿಂತ ತೆಳುವಾಗಿ, ತೇಪೆ ಹಾಕಿದಂತೆ, ಕೆಲವರಲ್ಲಿ ಹೆಚ್ಚು ಕೆಲವರಲ್ಲಿ ಕಡಿಮೆ. ನನ್ನ ತಂಗಿಯ ತಲೆಯಲ್ಲಿರುವ ಕಲೆ ಹರಿದು ಬಿಟ್ಟದ್ದೋ, ತೇಪೆ ಬಿದ್ದದ್ದೋ? ಚಿತ್ರ ಎರಡಕ್ಕೂ ಒಂದೇ ಸುಣ್ಣ ಬಳಿಯುತ್ತದೆ.

ಹಾಗಾದರೆ ಮಯಲಿನ್ನಿನ ಧ್ವನಿಯನ್ನೇ ನೇರವಾಗಿ ಕೇಳಬಾರದೆ? ಕೇಳುವುದು ಕಷ್ಟ. ಅದರ ಕೊಬ್ಬಿನಲ್ಲಿಯೂ ಜಲಜನಕವಿದೆ. ಆದರೆ ಬಿಗಿಯಾಗಿ ಹೆಣೆದ ಆ ಪೊರೆಯಲ್ಲಿ ಅದರ ಸದ್ದು ಮಿಲಿಸೆಕೆಂಡಿನ ಒಂದು ಸಣ್ಣ ಭಾಗದಲ್ಲಿಯೇ ಅಡಗುತ್ತದೆ. ಸಾಧಾರಣ ಯಂತ್ರ ಕಿವಿಗೊಡುವ ಹೊತ್ತಿಗೆ ಅದು ಮೌನವಾಗಿರುತ್ತದೆ. ನಾವು ಹುಡುಕುತ್ತಿರುವ ವಸ್ತು ಮೂಕ.

ಇಲ್ಲಿ ಒಂದು ಜಾಣತನದ ದಾರಿ ಸಿಕ್ಕಿತು. ಮಯಲಿನ್ ಸುತ್ತಿಕೊಂಡಿರುವುದು ಪದರಪದರವಾಗಿ ಎಂದೆನಲ್ಲ? ಆ ಪದರಗಳ ನಡುವೆ ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ಕಿರಿದಾದ ಸಂದುಗಳಲ್ಲಿ ನೀರು ಸಿಕ್ಕಿಕೊಂಡಿದೆ. ಎತ್ತ ಹೊರಳಿದರೂ ಗೋಡೆ ತಾಗುವ ಆ ನೀರಿನ ಸದ್ದು 10ರಿಂದ 40 ಮಿಲಿಸೆಕೆಂಡಿನೊಳಗೆ ಅಡಗುತ್ತದೆ. ಮಂಗಳಾರತಿಯ ಗೆಜ್ಜೆ ಅದು. ಕೆನಡಾದ ವ್ಯಾಂಕೂವರ್ ನಗರದಲ್ಲಿರುವ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಅಲೆಕ್ಸ್ ಮ್ಯಾಕೇ ಮತ್ತು ಸಂಗಡಿಗರು 1994ರಲ್ಲಿ ಮಾಡಿದ್ದು ಇದನ್ನೇ. ಒಂದೇ ಕ್ಷಣದಲ್ಲಿ ಕೇಳಿ ಬಿಡುವ ಬದಲು, ಮರುನುಡಿ ಅಡಗುತ್ತ ಹೋದಂತೆ ಮತ್ತೆ ಮತ್ತೆ ಕಿವಿಗೊಟ್ಟರು. ಈ ವಿಧಾನದಲ್ಲಿ ಸಾಮಾನ್ಯವಾಗಿ 32 ಸಲ ಕೇಳುತ್ತಾರೆ. ಆ 32 ಅಳತೆಗಳಿಂದ ಇಳಿಯುವ ಒಂದು ಗೆರೆ ಸಿಗುತ್ತದೆ. ಬೇಗ ಅಡಗಿದ್ದು ಎಷ್ಟು, ನಿಧಾನವಾಗಿ ಅಡಗಿದ್ದು ಎಷ್ಟು ಎಂದು ಆ ಗೆರೆಯನ್ನು ಗಣಿತದಿಂದ ಬಿಡಿಸಬೇಕು. ಒಟ್ಟು ನೀರಿನಲ್ಲಿ ಬೇಗ ಅಡಗಿದ ನೀರಿನ ಪಾಲೇ ಮಯಲಿನ್ ನೀರಿನ ಪಾಲು. ಆರೋಗ್ಯವಂತರ ಬಿಳಿದ್ರವ್ಯದಲ್ಲಿ ಅದು ನೂರಕ್ಕೆ ಸುಮಾರು 10, ಬೂದುದ್ರವ್ಯದಲ್ಲಿ ಸುಮಾರು 3.

ಶ್ರೋತೃಗಳೇ, ಈ ಹತ್ತು ಎಂಬ ಅಂಕಿಯನ್ನು ಓದಿದ ದಿನ ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಇದು ಬಿಳುಪಲ್ಲ, ಪಾಲು. ಹೋದ ವರ್ಷದ ಪಾಲಿನೊಡನೆ ಈ ವರ್ಷದ ಪಾಲನ್ನು ಹೋಲಿಸಬಹುದು. ಇದು ಬರಿಯ ಊಹೆಯಲ್ಲವೆಂದು ತೋರಿಸುವ ಕೆಲಸವನ್ನೂ ಅದೇ ವ್ಯಾಂಕೂವರಿನವರು ಮಾಡಿದರು. ಈ ಕಾಯಿಲೆಯಿಂದ ತೀರಿಹೋದವರ ಮಿದುಳಿನ ತುಣುಕುಗಳನ್ನು ಮೊದಲು ಯಂತ್ರದಲ್ಲಿ ಅಳೆದು, ಆಮೇಲೆ ಲಕ್ಸಾಲ್ ನೀಲಿಯಲ್ಲಿ ಅದ್ದಿ ನೋಡಿದರು. ನೀಲಿ ಗಾಢವಾಗಿದ್ದಲ್ಲಿ ಪಾಲೂ ಹೆಚ್ಚು, ತೆಳುವಾಗಿದ್ದಲ್ಲಿ ಕಡಿಮೆ. 2006ರಲ್ಲಿ ಇದು ಪ್ರಕಟವಾಯಿತು.

ಅಳತೆಗೆ ಹಿಡಿಯುವ ಹೊತ್ತೂ ಇಳಿಯುತ್ತ ಬಂತು. ಮೊದಮೊದಲು ಮಿದುಳಿನ ಒಂದೇ ಒಂದು ಹೋಳನ್ನು ಅಳೆಯಲು ಅರ್ಧ ಗಂಟೆಯ ಹತ್ತಿರ ಬೇಕಿತ್ತು. 2012ರ ಹೊತ್ತಿಗೆ ಅಷ್ಟೂ ಮುಮ್ಮಿದುಳನ್ನು ಸುಮಾರು 15 ನಿಮಿಷದಲ್ಲಿ ಅಳೆಯುವ ಕ್ರಮ ಸಿದ್ಧವಾಯಿತು. ಬೇರೆ ದಾರಿಗಳೂ ಇವೆ. ಮೂಕವಾದ ಕೊಬ್ಬಿನ ಜಲಜನಕವನ್ನು ಬೇರೊಂದು ಕಂಪನದ ಅಲೆಯಿಂದ ಕೆಣಕಿ, ಅದು ನೆರೆಯ ನೀರಿಗೆ ದಾಟಿಸುವ ಪ್ರಭಾವವನ್ನು ಅಳೆಯುವ ವಿಧಾನವನ್ನು ವುಲ್ಫ್ ಮತ್ತು ಬಲಬಾನ್ 1989ರಲ್ಲಿ ತೋರಿಸಿದ್ದರು. ಒಬ್ಬನ ಗುಟ್ಟನ್ನು ಅವನ ನೆರೆಮನೆಯವನ ಮುಖದಲ್ಲಿ ಓದುವ ವಿದ್ಯೆ ಎನ್ನಿ.

2011ರಲ್ಲಿ ಸೀನ್ ಡಿಯೋನಿ ಮತ್ತು ಸಂಗಡಿಗರು ಮತ್ತೊಂದು ವಿಧಾನದಿಂದ 3ರಿಂದ 11 ತಿಂಗಳಿನ ಮಕ್ಕಳ ಮಿದುಳನ್ನು ಅಳೆದರು. ಯಂತ್ರದ ಗದ್ದಲವನ್ನು ತಗ್ಗಿಸಿ, ಮಕ್ಕಳು ತಾವಾಗಿ ನಿದ್ದೆ ಹೋದ ಮೇಲೆ ಒಳಗಿಟ್ಟರು. ಚಿಕ್ಕಮಿದುಳು ಮೊದಲಾದ ಕೆಳಭಾಗಗಳಲ್ಲಿ ಮಯಲಿನ್ ಮೊದಲು, ಹಿಂಭಾಗದಲ್ಲಿ ಆಮೇಲೆ, ಹಣೆಯ ಹಿಂದಿನ ಭಾಗದಲ್ಲಿ ಕಡೆಗೆ. ಫ್ಲೆಕ್ಸಿಗ್ ಕಂಡಿದ್ದ ಬಗೆಯ ಸರದಿಯನ್ನೇ ಉಸಿರಾಡುತ್ತಿರುವ, ನಾಳೆ ಎದ್ದು ಆಡುವ ಮಕ್ಕಳಲ್ಲಿ ನೋಡಿದರು. ಅದನ್ನು ಓದುತ್ತ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

ಇಷ್ಟಾದ ಮೇಲೆ ಈ ಅಳತೆ ಎಲ್ಲ ಆಸ್ಪತ್ರೆಗಳಲ್ಲಿಯೂ ಏಕಿಲ್ಲ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ನಮ್ಮ ಮನೆಗೆ ಹಾಲು ಹಾಕುವವನಲ್ಲಿದೆ. ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ಬಣ್ಣ ನೋಡಿ ಹೇಳಲಾಗದು, ಲ್ಯಾಕ್ಟೋಮೀಟರ್ ಇಳಿಬಿಡುತ್ತೇವೆ. ಆದರೆ ಲ್ಯಾಕ್ಟೋಮೀಟರ್ ಹಾಲನ್ನು ಅಳೆಯುವುದಿಲ್ಲ. ಅದು ಅಳೆಯುವುದು ಸಾಂದ್ರತೆಯನ್ನು. ನೀರು ಹಾಕಿ ಸಕ್ಕರೆಯನ್ನೂ ಹಾಕಿದರೆ ಅದು ಮೋಸಹೋಗುತ್ತದೆ. ಮಯಲಿನ್ನಿನ ಅಳತೆಯೂ ಹಾಗೆಯೇ. ಅಳೆಯುವುದು ಸಂದಿಯ ನೀರನ್ನು. ಹೇಳುವುದು ಮಯಲಿನ್ನಿನ ಮಾತನ್ನು. ಉರಿಯೂತದಿಂದ ಒಟ್ಟು ನೀರು ಹೆಚ್ಚಿದರೆ, ಮಯಲಿನ್ ಒಂದು ಪದರವೂ ಹೋಗದಿದ್ದರೂ ಅದರ ನೀರಿನ ಪಾಲು ಕಡಿಮೆಯಾಗುತ್ತದೆ. ಹರಿದುಬಿದ್ದ ಮಯಲಿನ್ನಿನ ಚೂರುಗಳಲ್ಲಿಯೂ ನೀರು ಸಿಕ್ಕಿಕೊಂಡಿರುತ್ತದೆ. ಯಂತ್ರ ಅದನ್ನೂ ಬಾಳುವ ಹೊದಿಕೆಯೆಂದೇ ಎಣಿಸುತ್ತದೆ. ಮಿದುಳಿನಲ್ಲಿರುವ ಕಬ್ಬಿಣದ ಅಂಶವೂ ಸದ್ದನ್ನು ಬೇಗ ಅಡಗಿಸಿ ಲೆಕ್ಕ ಕೆಡಿಸಬಲ್ಲದು. ಆ ಇಳಿಯುವ ಗೆರೆಯಲ್ಲಿ ಸ್ವಲ್ಪ ಗದ್ದಲ ಸೇರಿದರೂ ಅದನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬಿಡಿಸಲು ಬರುತ್ತದೆ. ಆದ್ದರಿಂದಲೇ ಈ ಅಳತೆ ಬಹುಮಟ್ಟಿಗೆ ಸಂಶೋಧಕರ ಕೈಯಲ್ಲಿಯೇ ಉಳಿದಿದೆ. ದಿನನಿತ್ಯದ ವರದಿಗಳಲ್ಲಿ 'ಹೆಚ್ಚೇನೂ ಇಲ್ಲ' ಎಂಬ ಮಾತೇ ನಡೆಯುತ್ತಿದೆ.

ಆದರೂ ಅದರ ಅಗತ್ಯ ಎಷ್ಟೆಂಬುದಕ್ಕೆ ಒಂದು ನಿದರ್ಶನ ಹೇಳುತ್ತೇನೆ. ಈ ಕಾಯಿಲೆಗೆ ಈಗಿರುವ ಔಷಧಗಳು ಮುಖ್ಯವಾಗಿ ಹೊದಿಕೆ ಇನ್ನಷ್ಟು ಹರಿಯದಂತೆ ತಡೆಯುವಂಥವು. ಹರಿದದ್ದನ್ನು ಹೊಲಿಯುವ ಔಷಧಕ್ಕಾಗಿ ಹುಡುಕಾಟ ನಡೆದಿದೆ. ಅಲರ್ಜಿಗೆ ಕೊಡುವ ಕ್ಲೆಮಾಸ್ಟೀನ್ ಎಂಬ ಹಳೆಯ ಔಷಧವನ್ನು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 50 ಮಂದಿ ರೋಗಿಗಳಿಗೆ ಕೊಟ್ಟು ನೋಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಣ್ಣಿನಿಂದ ಮಿದುಳಿಗೆ ಹೋಗುವ ಸಂದೇಶ ಎರಡು ಮಿಲಿಸೆಕೆಂಡಿಗೂ ಕಡಿಮೆಯಷ್ಟು ಬೇಗ ತಲುಪಿತು. ಅದೇ ರೋಗಿಗಳ ಮಯಲಿನ್ ನೀರಿನ ಪಾಲನ್ನು ಲೆಕ್ಕ ಹಾಕಿ, ಮಿದುಳಿನ ಎರಡು ಅರ್ಧಗಳನ್ನು ಜೋಡಿಸುವ ಸೇತುವೆಯಲ್ಲಿ ಅದು ಏರಿದೆಯೆಂದು 2023ರಲ್ಲಿ ವರದಿ ಮಾಡಿದರು. ಕಣ್ಣಳತೆಗೆ ಸಿಗದ ಇಂಥ ಬದಲಾವಣೆ ಸಂಖ್ಯೆಗೆ ಮಾತ್ರ ಸಿಗುವುದು. ಇದನ್ನು ಕೇಳಿ ಯಾರೂ ಔಷಧದ ಅಂಗಡಿಗೆ ಓಡಬಾರದು. ಬೇರೊಂದು ಪರೀಕ್ಷೆಯಲ್ಲಿ ಇದೇ ಔಷಧ ಪಡೆದ ಕೆಲವರ ಸ್ಥಿತಿ ಬೇಗ ಬೇಗನೆ ಹದಗೆಟ್ಟು, ಆ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಹೊಲಿಗೆಯ ಔಷಧ ಇನ್ನೂ ಹುಡುಕಾಟದಲ್ಲಿದೆ. ಆದರೆ ಅಳೆಯಲು ಬಾರದಿದ್ದರೆ ಹೊಲಿಗೆ ಬಿತ್ತೇ ಇಲ್ಲವೇ ಎಂಬುದೂ ನಮಗೆ ತಿಳಿಯುವುದಿಲ್ಲ.

ಈ ಭಾಷಣವನ್ನು ಬರೆದು ಮುಗಿಸಿ ತಂಗಿಗೆ ಓದಿ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಸಂಜೆಯಾದರೆ ಅವಳ ಕಣ್ಣು ಬೇಗ ದಣಿಯುತ್ತದೆ. ಎಲ್ಲ ಕೇಳಿದ ಮೇಲೆ, "ಅಣ್ಣ, ಸಂಖ್ಯೆ ಬಂತು ಎಂದೇ ಇಟ್ಟುಕೋ. ಹೋದ ವರ್ಷ ನೂರಕ್ಕೆ ಹತ್ತು ಇದ್ದದ್ದು ಈ ವರ್ಷ ಒಂಬತ್ತಾಯಿತು. ಕಳೆದುಹೋದ ಆ ಒಂದು ನನ್ನದೋ, ಯಂತ್ರದ್ದೋ?" ಎಂದಳು.

ನಾನು ಸುಮ್ಮನಾದೆ. ಮೂವತ್ತು ವರ್ಷ ಪ್ರಯೋಗಾಲಯದಲ್ಲಿ ಹುಡುಗರಿಗೆ ನಾನೇ ಹೇಳುತ್ತಿದ್ದ ಮಾತು ಅದು: ಅಳತೆ ಹೇಳುವವನು ಅದರಲ್ಲಿ ತಪ್ಪೆಷ್ಟು ಇರಬಹುದು ಎಂಬುದನ್ನೂ ಹೇಳಬೇಕು. ಒಬ್ಬರನ್ನೇ ಒಂದೇ ದಿನ ಎರಡು ಸಲ ಅಳೆದರೂ ಸಂಖ್ಯೆ ಕೂದಲೆಳೆಯಷ್ಟಾದರೂ ಬೇರೆಯಾಗುತ್ತದೆ. ಊರಿನಿಂದ ಊರಿಗೆ, ಯಂತ್ರದಿಂದ ಯಂತ್ರಕ್ಕೆ ಆ ವ್ಯತ್ಯಾಸ ಎಷ್ಟು, ರೋಗಿಯಲ್ಲಾದ ನಿಜವಾದ ಬದಲಾವಣೆ ಅದಕ್ಕಿಂತ ದೊಡ್ಡದೇ ಎಂಬುದನ್ನು ಗೊತ್ತುಮಾಡಲು ಹಲವು ದೇಶಗಳ ವಿಜ್ಞಾನಿಗಳು ಈಗ ಹೆಣಗುತ್ತಿದ್ದಾರೆ. ಅವರ ಪ್ರಬಂಧಗಳ ಕಠಿಣ ಭಾಷೆಯನ್ನು ಬಿಡಿಸಿದರೆ ಒಳಗಿರುವುದು ನನ್ನ ತಂಗಿ ಕೇಳಿದ ಈ ಪ್ರಶ್ನೆಯೇ. ಅಂದು 'ಇಲ್ಲಿ ಉತ್ತರವಿಲ್ಲ' ಎಂದ ಆ ವೈದ್ಯರ ಮೇಲೆ ನನಗೆ ಮೊದಲು ಸ್ವಲ್ಪ ಅಸಮಾಧಾನವಿತ್ತು. ಈಗ ಅವರ ಮೇಲೆ ಗೌರವ ಹೆಚ್ಚಿದೆ. ತಿಳಿಯದ್ದನ್ನು ಸಂಖ್ಯೆಯ ವೇಷ ತೊಡಿಸಿ ಹೇಳಿದ್ದರೆ ನಾವು ಅದನ್ನು ನಂಬಿ ಮನೆಗೆ ಬರುತ್ತಿದ್ದೆವು.

ತಂಗಿ ಈಗ ದೀಪಾವಳಿಯ ಸ್ನಾನವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮುಗಿಸುತ್ತಾಳೆ. ವೈದ್ಯರು ಕೊಟ್ಟ ಔಷಧವನ್ನು ತಪ್ಪಿಸುವುದಿಲ್ಲ. ಬೆಳಗಿನ ತರಗತಿಗಳನ್ನು ಮಾತ್ರ ತೆಗೆದುಕೊಳ್ಳುತ್ತಾಳೆ. ಮೊನ್ನೆ ಅವಳ ವರದಿಗಳ ಕಡತವನ್ನು ಜೋಡಿಸುತ್ತಿದ್ದಾಗ ಕಳೆದ ವರ್ಷದ್ದು ಕೈಗೆ ಸಿಕ್ಕಿತು. ಬದಲಾವಣೆಯಿಲ್ಲ ಎಂಬ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಅಂಚಿನಲ್ಲಿ ತನ್ನ ಗುಂಡು ಅಕ್ಷರದಲ್ಲಿ "ಏಕಮಾನ ಬರೆದಿಲ್ಲ" ಎಂದು ಬರೆದು, ಅರ್ಧ ಅಂಕ ಕಳೆದಿದ್ದಳು.

ಉಳಿದ ಅಂಕವನ್ನೆಲ್ಲ ಕೊಟ್ಟಿದ್ದಳು ಎಂಬುದನ್ನೂ ಹೇಳಬೇಕು.